ಡಾಕ್ಟರ ‘ಪೇಪರ್’ ಲೆಕ್ಕ ನೋಡುವುದು ಹೇಗೆ? ಅಂಕಿ ಬಿಟ್ಟು ಹೆಸರಿನಿಂದ ಶುರು ಮಾಡಿ

ಮೆಡಿಕಲ್ ಕಾಲೇಜಿನ ಗೇಟಿನ ಹತ್ತಿರ ಒಂದು ಫ್ಲೆಕ್ಸ್ ಕಟ್ಟಿದ್ದಾರೆ ಅಂದುಕೊಳ್ಳಿ. ಡಾಕ್ಟರ ದೊಡ್ಡ ಫೋಟೋ. ಕೆಳಗೆ ‘120 ಸಂಶೋಧನಾ ಪ್ರಬಂಧಗಳು, 2,500 ಸೈಟೇಷನ್, ಎಚ್-ಇಂಡೆಕ್ಸ್ 22’. ಅದರ ಕೆಳಗೆ ಅಭಿನಂದನೆ ಸಲ್ಲಿಸಿದವರ ಹೆಸರುಗಳು ಸಾಲಾಗಿ. ಸೈಟೇಷನ್ ಅಂದರೆ ಬೇರೆಯವರು ತಮ್ಮ ಪೇಪರ್‌ನಲ್ಲಿ ಮಾಡಿದ ಉಲ್ಲೇಖ. ಎಚ್-ಇಂಡೆಕ್ಸ್ ಅಂದರೆ ಪೇಪರ್, ಸೈಟೇಷನ್ ಎರಡನ್ನೂ ಹಿಡಿದು ಮಾಡುವ ಒಂದು ಅಂಕಿ, ಅದರ ಲೆಕ್ಕ ಮುಂದೆ ಬರುತ್ತದೆ. ಏನೋ ದೊಡ್ಡ ಸಾಧನೆ ಅನ್ನೋದು ಓದಿದವರಿಗೆ ಗೊತ್ತಾಗುತ್ತದೆ. ಎಂಥ ಸಾಧನೆ ಅನ್ನೋದು ಮಾತ್ರ ಗೊತ್ತಾಗುವುದಿಲ್ಲ.

ನಾನು ಕಲಬುರಗಿಯ ಒಂದು ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಈ ಲೆಕ್ಕ ಕೇಳಿಕೊಂಡು ಬರುವವರಲ್ಲಿ ಪಿಜಿ ಹುಡುಗ ಹುಡುಗಿಯರೇ ಜಾಸ್ತಿ. ಪ್ರಮೋಷನ್ ಫೈಲ್ ಹಿಡಿದ ಅಸಿಸ್ಟೆಂಟ್ ಪ್ರೊಫೆಸರ್‌ಗಳೂ ಬರುತ್ತಾರೆ, ಆಗೊಮ್ಮೆ ಈಗೊಮ್ಮೆ ಸುದ್ದಿ ಬರೆಯುವವರೂ ಬರುತ್ತಾರೆ. “ಸರ್, ಇವರದು ಎಚ್-ಇಂಡೆಕ್ಸ್ ಎಷ್ಟದ, ಸ್ವಲ್ಪ ನೋಡಿ ಹೇಳ್ರಿ” ಅಂತ ಎಲ್ಲರೂ ಅಂಕಿಯಿಂದಲೇ ಮಾತು ಶುರು ಮಾಡುತ್ತಾರೆ. ನಾನು ಅಂಕಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಹೆಸರು, ಆಮೇಲೆ ಪಟ್ಟಿ, ಆಮೇಲೆ ಅಂಕಿ. ಈ ಕ್ರಮ ತಪ್ಪಿದರೆ ಯಾರದೋ ಲೆಕ್ಕವನ್ನು ಇನ್ಯಾರದೋ ತಲೆಗೆ ಕಟ್ಟಿದ ಹಾಗೆ ಆಗುತ್ತದೆ.

ಇದಕ್ಕೆ ದುಡ್ಡು ಖರ್ಚಿಲ್ಲ. ಪೇಪರ್ ಹುಡುಕಿಕೊಡುವ ಗೂಗಲ್ ಸ್ಕಾಲರ್, ವೈದ್ಯಕೀಯ ಪೇಪರ್‌ಗಳ ಪಟ್ಟಿ ಇಡುವ ಪಬ್‌ಮೆಡ್, ಲೇಖಕರಿಗೆ ಗುರುತು ಸಂಖ್ಯೆ ಕೊಡುವ ಆರ್ಕಿಡ್ ಮೂರೂ ಉಚಿತ. ಪೇಪರ್, ಸೈಟೇಷನ್ ಲೆಕ್ಕ ಇಡುವ ಸ್ಕೋಪಸ್‌ಗೆ ಚಂದಾ ಇದೆ ನಿಜ, ಆದರೆ ಹೆಸರು ಹಾಕಿ ಲೇಖಕರ ಪುಟ ನೋಡುವಷ್ಟಕ್ಕೆ ಅದರ ಉಚಿತ ಪ್ರಿವ್ಯೂ ಸಾಕು.

ಹೆಜ್ಜೆ 1: ಹೆಸರು ಯಾರದು ಅಂತ ಖಾತ್ರಿ ಮಾಡಿಕೊಳ್ಳಿ

ನಮ್ಮ ಭಾಗದಲ್ಲಿ ಅರ್ಧ ಕೆಲಸ ಇದೇ. ಪಾಟೀಲ್, ಬಿರಾದಾರ, ಹಿರೇಮಠ, ಕುಲಕರ್ಣಿ, ರೆಡ್ಡಿ, ಖಾನ್. ಪಬ್‌ಮೆಡ್‌ನಲ್ಲಿ ಹಳೇ ಪೇಪರ್‌ಗಳಿಗೆ ಅಡ್ಡಹೆಸರು, ಇನಿಷಿಯಲ್ ಅಷ್ಟೇ ಇರುತ್ತದೆ. ‘ಪಾಟೀಲ್ ಎಸ್’ ಅಂತ ಹುಡುಕಿದರೆ ಬೆಳಗಾವಿಯ ಪಾಟೀಲರು, ಪುಣೆಯ ಪಾಟೀಲರು, ಅಮೆರಿಕಕ್ಕೆ ಹೋಗಿ ನೆಲೆಸಿದ ಪಾಟೀಲರು ಎಲ್ಲರೂ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತಾರೆ. ಪೂರ್ತಿ ಹೆಸರು ಹಾಕಿ ಹುಡುಕಬಹುದು, ಆದರೆ ಅದು ಫಲ ಕೊಡುವುದು 2002 ರಿಂದ ಈಚಿನ ಪೇಪರ್‌ಗಳಿಗೆ. ಅದೂ ಜರ್ನಲ್‌ನವರು ಪೂರ್ತಿ ಹೆಸರು ಅಚ್ಚು ಮಾಡಿದ್ದರೆ ಮಾತ್ರ.

ಅದೇ ಡಾಕ್ಟರು ಒಂದು ಪೇಪರ್‌ನಲ್ಲಿ ತಂದೆ ಹೆಸರನ್ನು ಕೊನೆಗೆ ಬರೆದಿರುತ್ತಾರೆ, ಇನ್ನೊಂದರಲ್ಲಿ ಮನೆತನದ ಹೆಸರನ್ನು. ಮದುವೆಯಾದ ಮೇಲೆ ಅಡ್ಡಹೆಸರು ಬದಲಾದ ಮೇಡಂ ಇದ್ದರೆ ಪಿಜಿ ಕಾಲದ ಪೇಪರ್‌ಗಳು ಒಂದು ಹೆಸರಲ್ಲಿ, ಉಳಿದವು ಇನ್ನೊಂದರಲ್ಲಿ. ಕಂಪ್ಯೂಟರ್‌ಗೆ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಬಿರಾದಾರ ಅನ್ನೋದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ‘ಎ’ ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಎರಡನ್ನೂ ಹುಡುಕಬೇಕು.

ಊರಿನ ಹೆಸರಲ್ಲೂ ಇದೇ ಪಾಡು. 2014 ರ ನವೆಂಬರ್ 1 ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆಯಿತು. ಅದಕ್ಕಿಂತ ಹಿಂದಿನ ಪೇಪರ್‌ಗಳಲ್ಲಿ ಕಲಬುರಗಿ ಅಂತ ಹುಡುಕಿದರೆ ಏನೂ ಸಿಗಲ್ಲ. ಆಮೇಲಿನವುಗಳಲ್ಲೂ ಎರಡೂ ಹೆಸರು ಓಡಾಡುತ್ತವೆ. ಕಲಬುರಗಿಯ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ನಡುವಿನ ‘ಎ’ ತಿಂದುಹಾಕುವವರು ಬೇರೆ. ಯಾದಗಿರಿಗೂ ಎರಡು ಸ್ಪೆಲ್ಲಿಂಗ್ ಇವೆ. ಇನ್ನು ‘ಜಿಮ್ಸ್’ ಅಂತ ಮೊಟಕು ಹೆಸರು ನೋಡಿ ಅದು ನಮ್ಮ ಗುಲ್ಬರ್ಗ ವೈದ್ಯಕೀಯ ವಿಜ್ಞಾನ ಸಂಸ್ಥೆಯೇ ಅಂತ ತೀರ್ಮಾನ ಮಾಡಬೇಡಿ. ಗದಗಿನಲ್ಲೂ ಒಂದು ಜಿಮ್ಸ್ ಇದೆ, ದಿಲ್ಲಿ ಪಕ್ಕದ ಗ್ರೇಟರ್ ನೊಯ್ಡಾದಲ್ಲೂ ಒಂದಿದೆ. ಬೀದರಿನ ಬ್ರಿಮ್ಸ್‌ಗಾಗಲಿ, ಇತ್ತೀಚೆಗೆ ಶುರುವಾದ ಯಾದಗಿರಿಯ ಯಿಮ್ಸ್‌ಗಾಗಲಿ ಪೂರ್ತಿ ಹೆಸರನ್ನೇ ಹಾಕಿ ಹುಡುಕುವುದು ಒಳ್ಳೆಯದು.

ಹಾಗಾದರೆ ಹುಡುಕುವುದು ಹೇಗೆ? ಪಬ್‌ಮೆಡ್‌ನ ‘ಅಡ್ವಾನ್ಸ್ಡ್’ ಪುಟಕ್ಕೆ ಹೋಗಿ. ಖಾನೆಯಲ್ಲಿ ‘ಆಥರ್’ ಆರಿಸಿ ಹೆಸರು ಹಾಕಿ. ಆಮೇಲೆ ‘ಅಫಿಲಿಯೇಷನ್’ (ಲೇಖಕರ ಸಂಸ್ಥೆಯ ವಿಳಾಸ) ಆರಿಸಿ ಗುಲ್ಬರ್ಗ, ಕಲಬುರಗಿ ಎರಡನ್ನೂ ನಡುವೆ ‘ಆರ್’ (OR, ಅಂದರೆ ‘ಅಥವಾ’) ಇಟ್ಟು ಸೇರಿಸಿ. ಇಲ್ಲೊಂದು ಕಿತಾಪತಿ ಇದೆ. 2014 ಕ್ಕಿಂತ ಮೊದಲು ಪಬ್‌ಮೆಡ್‌ನವರು ಮೊದಲ ಲೇಖಕರ ವಿಳಾಸ ಮಾತ್ರ ದಾಖಲಿಸುತ್ತಿದ್ದರು. ನಮ್ಮ ಡಾಕ್ಟರ ಹೆಸರು ಎರಡನೆಯದೋ ಮೂರನೆಯದೋ ಆಗಿದ್ದರೆ ಆ ಹಳೇ ಪೇಪರ್ ವಿಳಾಸದ ಹುಡುಕಾಟದಲ್ಲಿ ಬರುವುದೇ ಇಲ್ಲ. ಆಗ ಹೆಸರು, ವಿಷಯ ಎರಡನ್ನೂ ಸೇರಿಸಿ ಇನ್ನೊಮ್ಮೆ ಹುಡುಕಿ.

ಡಾಕ್ಟರ ಹತ್ತಿರ ಆರ್ಕಿಡ್ ಸಂಖ್ಯೆ ಇದ್ದರೆ ಈ ತಲೆನೋವು ಬಹಳ ಕಡಿಮೆ. 2012 ರಲ್ಲಿ ಶುರುವಾದ ಈ 16 ಅಂಕಿಯ ಗುರುತು ಹೆಸರು, ಊರು, ಕಾಲೇಜು ಬದಲಾದರೂ ಬದಲಾಗುವುದಿಲ್ಲ. ಆದರೆ ಆರ್ಕಿಡ್ ಪುಟವನ್ನು ತುಂಬುವವರು ಅವರೇ. ಪ್ರತಿ ಪೇಪರ್ ಕೆಳಗೆ ‘ಸೋರ್ಸ್’ ಅಂತ ಇರುತ್ತದೆ, ಅದನ್ನು ನೋಡಿ. ಕ್ರಾಸ್‌ರೆಫ್ ಅಥವಾ ಸ್ಕೋಪಸ್ ಅಂತ ಇದ್ದರೆ ಹೊರಗಿನ ದಾಖಲೆಯಿಂದ ಬಂದದ್ದು. ಅವರದೇ ಹೆಸರಿದ್ದರೆ ಅವರೇ ಸೇರಿಸಿಕೊಂಡದ್ದು. ಸೇರಿಸಿಕೊಂಡ ಮಾತ್ರಕ್ಕೆ ಸುಳ್ಳು ಅಂತಲ್ಲ, ಇನ್ನೊಂದು ಕಡೆ ತಾಳೆ ನೋಡಬೇಕು ಅಷ್ಟೇ.

ಗೂಗಲ್ ಸ್ಕಾಲರ್ ಪ್ರೊಫೈಲ್‌ನಲ್ಲಿ ಜೋಪಾನ. ಅದು ಹೊಸ ಪೇಪರ್‌ಗಳನ್ನು ತಾನೇ ಹುಡುಕಿ ಸೇರಿಸುತ್ತಾ ಹೋಗುತ್ತದೆ. ಮಾಲೀಕರು ಆ ಕಡೆ ನೋಡದೇ ಬಿಟ್ಟರೆ ಮಕ್ಕಳ ಡಾಕ್ಟರ ಖಾತೆಗೆ ಕಾಂಕ್ರೀಟ್ ಬಲದ ಮೇಲಿನ ಪೇಪರ್ ಬಂದು ಬೀಳುತ್ತದೆ, ಅದರ ಸೈಟೇಷನ್‌ಗಳೂ ಒಟ್ಟಿಗೆ. ಡಾಕ್ಟರು ಕಳ್ಳತನ ಮಾಡಿದರು ಅಂತ ಯಾರೂ ಹೇಳಬೇಕಾಗಿಲ್ಲ, ಹೆಸರು ಒಂದೇ ಆಗಿತ್ತು ಅಷ್ಟೇ. ಶೀರ್ಷಿಕೆಗಳನ್ನು ಮೇಲಿಂದ ಕೆಳಗೆ ಒಮ್ಮೆ ಓದಿಬಿಡಿ, ಹೊರಗಿನವು ಕಣ್ಣಿಗೆ ಹೊಡೆಯುತ್ತವೆ.

ಹೆಜ್ಜೆ 2: ಪಟ್ಟಿಯನ್ನು ನೀವೇ ಬರೆಯಿರಿ

ಒಂದು ಎಕ್ಸೆಲ್ ಹಾಳೆ ತೆಗೆಯಿರಿ. ವರ್ಷ, ಶೀರ್ಷಿಕೆ, ಜರ್ನಲ್, ಪೇಪರ್‌ನ ಬಗೆ, ಇವರ ಹೆಸರು ಎಷ್ಟನೆಯದು, ಡಿಒಐ ಸಂಖ್ಯೆ (ಪೇಪರ್‌ನ ಕಾಯಂ ಗುರುತು ಸಂಖ್ಯೆ). ಇಷ್ಟು ಕಾಲಂ ಸಾಕು. ಪಟ್ಟಿ ಉದ್ದ ಇದ್ದರೆ ಕಳೆದ ಐದಾರು ವರ್ಷದ್ದು ಮಾತ್ರ ಬರೆದರೂ ಚಿತ್ರ ಸಿಗುತ್ತದೆ.

‘ಬಗೆ’ ಅನ್ನೋ ಕಾಲಂ ಮುಖ್ಯ. ಒಬ್ಬ ರೋಗಿಯ ಕಥೆ ಹೇಳುವ ಕೇಸ್ ರಿಪೋರ್ಟ್ ಒಂದು, ಸಂಪಾದಕರಿಗೆ ಬರೆದ ಅರ್ಧ ಪುಟದ ಪತ್ರ ಒಂದು, ನೂರಾರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನ ಒಂದು. ಫ್ಲೆಕ್ಸ್‌ನಲ್ಲಿ ಮೂರಕ್ಕೂ ತಲಾ ಒಂದೇ ಅಂಕ. ನಿಮ್ಮ ಹಾಳೆಯಲ್ಲಿ ಹಾಗಾಗಬಾರದು.

ಹೆಸರಿನ ಜಾಗ ಅದಕ್ಕಿಂತ ಮುಖ್ಯ. ವೈದ್ಯಕೀಯ ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರಿನವರು ಕೈಯಾರೆ ಕೆಲಸ ಮಾಡಿದವರು, ಕೊನೆಯ ಹೆಸರಿನವರು ಆ ಕೆಲಸ ನಡೆಸಿದ ಹಿರಿಯರು. ನಡುವಿನವರು ಏನು ಮಾಡಿದರು ಅನ್ನೋದನ್ನು ಹೆಸರು ನೋಡಿ ಹೇಳಲಾಗದು. ಈಗ ಹಲವು ಜರ್ನಲ್‌ಗಳು ಪೇಪರ್ ಕೊನೆಗೆ ಯಾರ ಪಾಲು ಏನು ಅಂತ ನಾಲ್ಕು ಸಾಲು ಹಾಕುತ್ತವೆ. ಅದನ್ನು ಓದಿ. ನನ್ನ ಪ್ರಕಾರ ಇಡೀ ಪೇಪರ್‌ನಲ್ಲಿ ಯಾರೂ ಓದದ ಆದರೆ ಎಲ್ಲರೂ ಓದಬೇಕಾದ ಸಾಲುಗಳು ಅವು.

ಇದಕ್ಕೆ ದೊಡ್ಡ ಉದಾಹರಣೆ, ಇಡೀ ಪ್ರಪಂಚದ ರೋಗಗಳ ಹೊರೆ ಲೆಕ್ಕ ಹಾಕುವ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ಪೇಪರ್‌ಗಳು. ಬ್ರಿಟನ್ನಿನ ಲ್ಯಾನ್ಸೆಟ್ ಜರ್ನಲ್‌ನಲ್ಲಿ ಬರುವ ಇವುಗಳಿಗೆ ನೂರಾರು ಲೇಖಕರು, ಸಾವಿರಾರು ಸೈಟೇಷನ್. ಅಂಥ ಎರಡು ಮೂರು ಪೇಪರ್‌ನಲ್ಲಿ ಒಬ್ಬರ ಹೆಸರು ಇದ್ದರೆ ಒಟ್ಟು ಸೈಟೇಷನ್ ಗಗನಕ್ಕೆ ಹೋಗುತ್ತದೆ. ಕೆಲಸ ನಿಜವಾದದ್ದೇ. ಆದರೆ ಆ ಪೇಪರ್‌ಗಳನ್ನು ತೆಗೆದು ಮತ್ತೆ ಕೂಡಿಸಿ ನೋಡಿ, ಉಳಿಯುವ ಅಂಕಿ ಅವರ ಸ್ವಂತ ಕೆಲಸದ್ದು.

ಪ್ರಮೋಷನ್ ವಿಷಯಕ್ಕೂ ಇಲ್ಲೇ ಬರೋಣ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022 ರ ನಿಯಮದಲ್ಲಿ ಅಸೋಸಿಯೇಟ್ ಪ್ರೊಫೆಸರ್ ಆಗಲು ಎರಡು ಪೇಪರ್ ಕೇಳಿದ್ದರು. ಹೆಸರು ಮೊದಲ ಮೂರರಲ್ಲಿ ಇರಬೇಕಿತ್ತು, ಇಲ್ಲವೇ ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ನೋಡಿಕೊಳ್ಳುವ ಲೇಖಕ) ಆಗಿರಬೇಕಿತ್ತು. ಒಂಟಿ ಕೇಸ್ ರಿಪೋರ್ಟ್ ನಡೆಯುತ್ತಿರಲಿಲ್ಲ. ನಿಯಮ ಆಗಾಗ ಬದಲಾಗುತ್ತದೆ, ಫೈಲ್ ಸಿದ್ಧ ಮಾಡುವ ಮೊದಲು ಹೊಸ ಅಧಿಸೂಚನೆ ನೋಡಿಕೊಳ್ಳಿ. ನಾನು ಹೇಳಹೊರಟಿದ್ದು ಬೇರೆ. ಆ ನಿಯಮ ಪೇಪರ್ ಕೇಳುತ್ತಿತ್ತು, ಸೈಟೇಷನ್ ಕೇಳುತ್ತಿರಲಿಲ್ಲ. ಹಾಗಾಗಿ ಪ್ರಮೋಷನ್‌ಗೆ ಮುಂಚಿನ ವರ್ಷ ಎರಡು ಪೇಪರ್, ಆಮೇಲೆ ನಾಲ್ಕು ವರ್ಷ ಖಾಲಿ, ಮತ್ತೆ ಎರಡು ಅನ್ನುವ ಪಟ್ಟಿಗಳು ಸಿಗುತ್ತವೆ. ದಿನಕ್ಕೆ ನೂರಾರು ಜನ ಬರುವ ಒಪಿಡಿಯಲ್ಲಿ ಕೂರುವ ಡಾಕ್ಟರಿಗೆ ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ನೀವು ಗೈಡ್ ಹುಡುಕುತ್ತಿದ್ದರೆ ಒಂದೇ ವಿಷಯದ ಮೇಲೆ ಬಿಡದೆ ಬರೆದವರ ಹತ್ತಿರ ಹೋಗಿ. ಅವರು ತಮ್ಮ ಪಿಜಿಗಳಿಗೆ ಮೊದಲ ಹೆಸರು ಬಿಟ್ಟುಕೊಟ್ಟಿದ್ದಾರಾ ಅಂತಲೂ ನೋಡಿ. ಅದು ಪಟ್ಟಿಯಲ್ಲೇ ಕಾಣುತ್ತದೆ.

ಹೆಜ್ಜೆ 3: ಜರ್ನಲ್ ಎಂಥದ್ದು?

“ಪಬ್‌ಮೆಡ್‌ನಲ್ಲಿ ಅದರಿ ಸರ್” ಅಂದರೆ ಎಲ್ಲ ಮುಗಿದ ಹಾಗಲ್ಲ. ಪಬ್‌ಮೆಡ್ ಒಳಗೆ ಮೆಡ್‌ಲೈನ್ ಇದೆ, ಅದಕ್ಕೆ ಜರ್ನಲ್‌ಗಳನ್ನು ಆರಿಸಿ ಸೇರಿಸುತ್ತಾರೆ. ಪಬ್‌ಮೆಡ್ ಸೆಂಟ್ರಲ್ ಅನ್ನೋದು ಪೂರ್ತಿ ಪೇಪರ್ ಇಡುವ ಉಗ್ರಾಣ, ಅದರ ದಾರಿ ಬೇರೆ. ಎರಡರದ್ದೂ ಪಬ್‌ಮೆಡ್‌ನಲ್ಲಿ ಕಾಣುತ್ತದೆ. ಜರ್ನಲ್ ಮೆಡ್‌ಲೈನ್‌ನಲ್ಲಿ ಇದೆಯಾ ಅನ್ನೋದನ್ನು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಎನ್‌ಎಲ್‌ಎಂ ಕ್ಯಾಟಲಾಗ್‌ನಲ್ಲಿ ನೋಡಬಹುದು. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ ಹಿಡಿದುಕೊಂಡು ಬರುವವರು ಇನ್ನೂ ಇದ್ದಾರೆ. ಅದನ್ನು ಯುಜಿಸಿಯವರೇ 2025 ರಲ್ಲಿ ಕೈಬಿಟ್ಟರು.

ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನದ್ದು, ಡಾಕ್ಟರದ್ದಲ್ಲ. ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಸೈಟೇಷನ್‌ಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿ ಅದು. ಸರಾಸರಿ ಅಂದಮೇಲೆ ಗೊತ್ತಲ್ವಾ, ನಾಲ್ಕೈದು ಲೇಖನ ಇಡೀ ಜರ್ನಲ್‌ನ ಭಾರ ಹೊತ್ತಿರುತ್ತವೆ. ಅಮೆರಿಕದ ಕ್ಯಾನ್ಸರ್ ಸೊಸೈಟಿಯ ಒಂದು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೂರರ ಲೆಕ್ಕದಲ್ಲಿ ಇದೆ. ಕಾರಣ, ಅದು ಪ್ರತಿ ವರ್ಷ ಕ್ಯಾನ್ಸರ್ ಅಂಕಿಅಂಶ ಪ್ರಕಟಿಸುತ್ತದೆ, ಕ್ಯಾನ್ಸರ್ ಬಗ್ಗೆ ಬರೆಯುವವರೆಲ್ಲ ಮೊದಲ ಸಾಲಲ್ಲೇ ಅದನ್ನು ಹೆಸರಿಸುತ್ತಾರೆ. ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡುವುದು ಕ್ಲಾರಿವೇಟ್ ಕಂಪನಿ. ‘ಗ್ಲೋಬಲ್’, ‘ಯೂನಿವರ್ಸಲ್’ ಅಂತ ಮುಂದೆ ಏನಾದರೂ ಅಂಟಿಸಿದ್ದರೆ ಅನುಮಾನಪಡಿ. ಮೂರು ದಿನದಲ್ಲಿ ಒಪ್ಪಿಗೆ, ಐದನೇ ದಿನಕ್ಕೆ ಹಣ ಕಟ್ಟಿ ಅನ್ನುವ ಜರ್ನಲ್‌ಗಳ ಬಗ್ಗೆ ಬಿಡಿಸಿ ಹೇಳಬೇಕಾ?

ಹೆಜ್ಜೆ 4: ಈಗ ಅಂಕಿ

ಒಬ್ಬರ ಪೇಪರನ್ನು ಇನ್ನೊಬ್ಬರು ತಮ್ಮ ರೆಫರೆನ್ಸ್ ಪಟ್ಟಿಯಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್. ಎಚ್-ಇಂಡೆಕ್ಸ್ ಅನ್ನು 2005 ರಲ್ಲಿ ಮುಂದಿಟ್ಟವರು ಹೋರ್ಹೆ ಹಿರ್ಶ್. ಅವರು ಡಾಕ್ಟರಲ್ಲ, ಕ್ಯಾಲಿಫೋರ್ನಿಯಾದ ಭೌತಶಾಸ್ತ್ರಜ್ಞ. ಎಷ್ಟು ಪೇಪರ್‌ಗಳಿಗೆ ತಲಾ ಕನಿಷ್ಠ ಅಷ್ಟೇ ಸೈಟೇಷನ್ ಬಂದಿವೆಯೋ, ಅಂಥ ಅತಿ ದೊಡ್ಡ ಸಂಖ್ಯೆಯೇ ಎಚ್-ಇಂಡೆಕ್ಸ್.

ಕೈಲೆಕ್ಕ ಮಾಡಿ ನೋಡಿ. ಒಬ್ಬ ಡಾಕ್ಟರ ಎಂಟು ಪೇಪರ್‌ಗಳಿಗೆ ಬಂದ ಸೈಟೇಷನ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯೋಣ: 40, 18, 9, 6, 5, 3, 1, 0. ಐದನೇ ಪೇಪರ್‌ಗೆ ಐದು ಇದೆ. ಆರನೆಯದಕ್ಕೆ ಆರು ಇಲ್ಲ, ಮೂರೇ. ಹಾಗಾಗಿ ಎಚ್-ಇಂಡೆಕ್ಸ್ 5. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದ ಪೇಪರ್ ಎರಡು, ಗೂಗಲ್ ಸ್ಕಾಲರ್‌ನ ಐ10-ಇಂಡೆಕ್ಸ್ 2. ಒಟ್ಟು 82. ಈಗ ಆ 40 ಅನ್ನು 400 ಮಾಡಿ. ಒಟ್ಟು 442 ಆಯಿತು, ಎಚ್-ಇಂಡೆಕ್ಸ್ ಅದೇ 5. ಒಂದೇ ಒಂದು ದೊಡ್ಡ ಕೆಲಸ ಮಾಡಿದವರನ್ನು ಈ ಅಂಕಿ ಹಿಡಿಯುವುದಿಲ್ಲ.

ಅದು ಇಳಿಯುವುದೂ ಇಲ್ಲ. ಹತ್ತು ವರ್ಷ ಪೆನ್ನು ಮುಟ್ಟದಿದ್ದರೂ ಹಳೇ ಪೇಪರ್‌ಗಳು ಏರಿಸುತ್ತಾ ಇರುತ್ತವೆ. ಆದ್ದರಿಂದ ಐವತ್ತೆಂಟರ ಪ್ರೊಫೆಸರ್‌ನ ಅಂಕಿಯನ್ನು ಮೂವತ್ನಾಲ್ಕರ ಡಾಕ್ಟರಮ್ಮನ ಪಕ್ಕ ಇಟ್ಟು ನೋಡಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಪಕ್ಕದಲ್ಲೇ ಈಚಿನ ಐದು ವರ್ಷದ ಕಾಲಂ ಇರುತ್ತದೆ, ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ವಿಷಯದಿಂದ ವಿಷಯಕ್ಕೂ ಹೋಲಿಕೆ ಬೇಡ. ಕ್ಯಾನ್ಸರ್, ಹೃದಯದ ಬಗ್ಗೆ ಬರೆಯುವವರು ಪ್ರಪಂಚದ ತುಂಬಾ ಇದ್ದಾರೆ, ಅನಾಟಮಿ ಅಥವಾ ಫೊರೆನ್ಸಿಕ್‌ನಲ್ಲಿ ಬರೆಯುವವರೇ ಕಡಿಮೆ. ಉಲ್ಲೇಖಿಸುವವರು ಎಲ್ಲಿಂದ ಬರಬೇಕು? ಯಾದಗಿರಿ ತಾಲೂಕಿನ ಗರ್ಭಿಣಿಯರ ರಕ್ತಹೀನತೆ ಬಗ್ಗೆ ಒಳ್ಳೆಯ ಅಧ್ಯಯನ ಮಾಡಿದರೆ ಅದನ್ನು ಬಾಸ್ಟನ್‌ನವರು ಉಲ್ಲೇಖಿಸಬೇಕಾಗಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿ ಓದಿದರೆ ಸಾಕು. ಅಂಥ ಓದನ್ನು ಯಾವ ಇಂಡೆಕ್ಸೂ ಎಣಿಸುವುದಿಲ್ಲ.

ಪ್ರಪಂಚದಲ್ಲೇ ಅತಿ ಹೆಚ್ಚು ಸೈಟೇಷನ್ ಬಂದ ಪೇಪರ್ ಯಾವುದು ಗೊತ್ತಾ? ಆಲಿವರ್ ಲೌರಿ ಮತ್ತು ಸಂಗಡಿಗರ 1951 ರ ಪೇಪರ್. ಪ್ರೋಟೀನ್ ಅಳೆಯುವ ಒಂದು ವಿಧಾನ, ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಮೂರು ಲಕ್ಷಕ್ಕೂ ಮಿಕ್ಕಿ ಸೈಟೇಷನ್. ಯಾವ ರೋಗಕ್ಕೂ ಅದು ಮದ್ದು ಹೇಳಿಲ್ಲ, ಎಲ್ಲರ ಕೆಲಸಕ್ಕೆ ಬೇಕಾಗುವ ದಾರಿ ಹೇಳಿತು ಅಷ್ಟೇ.

ಒಬ್ಬರಿಗೇ ಮೂರು ಕಡೆ ಮೂರು ಅಂಕಿ ಬಂದರೆ ಗಾಬರಿ ಬೇಡ. ಗೂಗಲ್ ಸ್ಕಾಲರ್ ಥೀಸಿಸ್, ಪುಸ್ತಕ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಹಾಕಿದ ಕರಡು) ಎಲ್ಲದರಿಂದಲೂ ಎಣಿಸುತ್ತದೆ, ಅದಕ್ಕೇ ಅಲ್ಲಿ ಜಾಸ್ತಿ. ಸ್ಕೋಪಸ್ ತಾನು ಆರಿಸಿದ ಜರ್ನಲ್, ಪುಸ್ತಕಗಳಿಂದ ಮಾತ್ರ. ಎಲ್ಲಿ ನೋಡಿದ್ದು, ಯಾವ ತಿಂಗಳು ನೋಡಿದ್ದು ಅಂತ ಅಂಕಿಯ ಪಕ್ಕ ಬರೆಯಿರಿ. ಸುದ್ದಿ ಬರೆಯುವವರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ.

ಪಬ್‌ಮೆಡ್ ಸಂಖ್ಯೆಗಳು ಕೈಯಲ್ಲಿದ್ದರೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರ ‘ಐಸೈಟ್’ ಅನ್ನುವ ಉಚಿತ ಸಾಧನಕ್ಕೆ ಹಾಕಿ. ಅದು ಪೇಪರ್‌ನ ವಿಷಯ, ವಯಸ್ಸು ಎರಡನ್ನೂ ಗಮನಿಸಿ ಒಂದು ಅನುಪಾತ ಕೊಡುತ್ತದೆ. 1 ಅಂದರೆ ಎನ್‌ಐಎಚ್ ಹಣ ಪಡೆದ ಪೇಪರ್‌ಗಳ ನಟ್ಟನಡುವಿನ ಮಟ್ಟ. ಇಲ್ಲಿ ಕೂತು ಕೆಲಸ ಮಾಡುವ ಡಾಕ್ಟರ ಪೇಪರ್ 1 ದಾಟಿದರೆ ಅದು ನಿಜಕ್ಕೂ ಫ್ಲೆಕ್ಸ್ ಹಾಕುವ ವಿಷಯ.

ಹೆಜ್ಜೆ 5: ಯಾರು, ಯಾಕೆ ಉಲ್ಲೇಖಿಸಿದರು?

ಗೂಗಲ್ ಸ್ಕಾಲರ್‌ನಲ್ಲಿ ಪೇಪರ್‌ನ ಸೈಟೇಷನ್ ಅಂಕಿಯ ಮೇಲೆ ಒತ್ತಿ. ಉಲ್ಲೇಖಿಸಿದವರ ಪಟ್ಟಿ ತೆರೆಯುತ್ತದೆ. ಅರ್ಧಕ್ಕರ್ಧ ಅವರದೇ ಹೆಸರು, ಅವರದೇ ವಿಭಾಗದ ಹೆಸರುಗಳು ಇದ್ದರೆ ಗೊತ್ತಾಯಿತಲ್ಲ. ತಮ್ಮ ಹಿಂದಿನ ಕೆಲಸವನ್ನು ತಾವೇ ಉಲ್ಲೇಖಿಸುವುದು ಸಹಜ, ಮಿತಿ ಮೀರಬಾರದು.

ಉಲ್ಲೇಖ ಅಂದರೆ ಹೊಗಳಿಕೆಯೂ ಅಲ್ಲ. 1998 ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಇತರರು ಲ್ಯಾನ್ಸೆಟ್‌ನಲ್ಲಿ 12 ಮಕ್ಕಳ ಬಗ್ಗೆ ಒಂದು ಪೇಪರ್ ಬರೆದರು. ದಡಾರ, ಮಂಪ್ಸ್, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರಬಹುದು ಅನ್ನುವ ಗಾಳಿಮಾತು ಹರಡಿದ್ದು ಅಲ್ಲಿಂದ. 2010 ರಲ್ಲಿ ಲ್ಯಾನ್ಸೆಟ್ ಅದನ್ನು ವಾಪಸ್ ಪಡೆಯಿತು, ಬ್ರಿಟನ್ನಿನ ವೈದ್ಯಕೀಯ ಮಂಡಳಿ ವೇಕ್‌ಫೀಲ್ಡ್ ಅವರ ನೋಂದಣಿ ರದ್ದು ಮಾಡಿತು. ಅದಕ್ಕೆ ಬಂದ ಸೈಟೇಷನ್‌ಗಳು ಮಾತ್ರ ರಾಶಿ ರಾಶಿ, ಬಹುಪಾಲು ಅದನ್ನು ತಪ್ಪು ಅಂತ ಹೇಳಲು ಬರೆದವು. ಎಣಿಸುವ ಯಂತ್ರಕ್ಕೆ ಬೈಗುಳವೂ ಒಂದೇ, ಶಹಬ್ಬಾಸೂ ಒಂದೇ.

ಕೋವಿಡ್ ಕಾಲದ ಪೇಪರ್‌ಗಳನ್ನು ಬೇರೆಯೇ ಗುಂಪು ಮಾಡಿ. ದೇಶದ ಮೊದಲ ಕೋವಿಡ್ ಸಾವು ಆಗಿದ್ದು 2020 ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯವರದೇ. ಆಮೇಲೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಹೆಸರು ಎಲ್ಲರ ಬಾಯಲ್ಲಿ. ಅದೇ ಮೇ 22 ಕ್ಕೆ ಲ್ಯಾನ್ಸೆಟ್‌ನಲ್ಲಿ ಆ ಮಾತ್ರೆಯಿಂದ ಅಪಾಯ ಅನ್ನುವ ಪೇಪರ್ ಬಂತು. 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ದಾಖಲೆ ಅಂದಿದ್ದರು. ಆ ಮೂಲ ದಾಖಲೆಯನ್ನು ತಪಾಸಣೆಗೆ ಕೊಡಲು ಅದನ್ನು ಒದಗಿಸಿದ್ದ ಕಂಪನಿ ಒಪ್ಪಲಿಲ್ಲ, ಜೂನ್ 4 ಕ್ಕೆ ಪೇಪರ್ ವಾಪಸ್. ಹಾಗಾಗಿ ಎಷ್ಟೇ ಸೈಟೇಷನ್ ಇರಲಿ, ಪಬ್‌ಮೆಡ್ ಪುಟದ ಮೇಲ್ಗಡೆ ‘ರಿಟ್ರಾಕ್ಟೆಡ್’ (ವಾಪಸ್ ಪಡೆದದ್ದು) ಅನ್ನುವ ಸೂಚನೆ ಇದೆಯಾ ನೋಡಿ. ರಿಟ್ರಾಕ್ಷನ್ ವಾಚ್‌ನವರ ಪಟ್ಟಿಯನ್ನೂ ಹೆಸರು ಹಾಕಿ ಹುಡುಕಬಹುದು, ಅದು ಎಲ್ಲರಿಗೂ ಉಚಿತ.

ದಿನಪತ್ರಿಕೆಯಲ್ಲಿ ‘ಸ್ಟ್ಯಾನ್‌ಫರ್ಡ್‌ನ ವಿಶ್ವದ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ’ ಅನ್ನುವ ಸುದ್ದಿ ಬರುತ್ತಲ್ವಾ, ಅದು ಆ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ ಅಲ್ಲ. ಅಲ್ಲಿನ ಪ್ರೊಫೆಸರ್ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಅಂಕಿ ಇಟ್ಟುಕೊಂಡು ಮಾಡುವ ಲೆಕ್ಕ. ಇಡೀ ವೃತ್ತಿಜೀವನದ್ದು ಒಂದು ಪಟ್ಟಿ, ಒಂದು ವರ್ಷದ್ದು ಇನ್ನೊಂದು. ಯಾವುದರಲ್ಲಿ ಹೆಸರಿದೆ ಅಂತ ಕೇಳಿ. ಎಕ್ಸೆಲ್ ಕಡತ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಸ್ವಂತ ಉಲ್ಲೇಖ ಎಷ್ಟು ಅನ್ನುವ ಕಾಲಂ ಕೂಡ ಅದರಲ್ಲಿದೆ.

ಹೆಜ್ಜೆ 6: ಒಂದಾದರೂ ಪೇಪರ್ ಓದಿ

ನೆಹರು ಗಂಜಿನಲ್ಲಿ ತೊಗರಿ ಕೊಳ್ಳುವವರು ಚೀಲದ ಮೇಲಿನ ಚೀಟಿ ನೋಡಿ ದುಡ್ಡು ಎಣಿಸುವುದಿಲ್ಲ, ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾರೆ. ಇಲ್ಲೂ ಅಷ್ಟೇ ಮಾಡಿ. ಅತಿ ಹೆಚ್ಚು ಸೈಟೇಷನ್ ಇರುವುದನ್ನು ಬಿಡಿ, ಅವರೇ ಮೊದಲ ಅಥವಾ ಕೊನೆಯ ಹೆಸರಾಗಿರುವ ಈಚಿನ ಒಂದನ್ನು ತೆಗೆಯಿರಿ.

ಔಷಧ ಅಥವಾ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿದ ಪೇಪರ್ ಆಗಿದ್ದರೆ ಮೆಥಡ್ಸ್ ಭಾಗದಲ್ಲಿ ಸಿಟಿಆರ್‌ಐ ಅಂತ ಶುರುವಾಗುವ ಸಂಖ್ಯೆ ಹುಡುಕಿ. ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ. ಸಂಖ್ಯೆಯಲ್ಲೇ ವರ್ಷ, ತಿಂಗಳು ಇರುತ್ತದೆ. ಅವರ ಜಾಲತಾಣದಲ್ಲಿ ಹಾಕಿದರೆ ನೋಂದಣಿ ದಿನ, ಮೊದಲ ರೋಗಿಯನ್ನು ಸೇರಿಸಿಕೊಂಡ ದಿನ, ಏನನ್ನು ಅಳೆಯುತ್ತೇವೆ ಅಂತ ಹೇಳಿದ್ದರು, ಎಲ್ಲ ಸಿಗುತ್ತದೆ. 2018 ರ ಏಪ್ರಿಲ್‌ನಿಂದ ಈಚೆಗೆ ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲೇ ನೋಂದಣಿ ಆಗಿರಬೇಕು. ಅಲ್ಲಿ ಹೇಳಿದ್ದು ರಕ್ತದೊತ್ತಡ, ಪೇಪರ್‌ನಲ್ಲಿ ಮೆರೆಸಿದ್ದು ನಿದ್ದೆ ಅಂತಾದರೆ ಯಾಕೆ ಬದಲಾಯಿತು ಅಂತ ಕೇಳುವ ಹಕ್ಕು ಓದುಗರಿಗೆ ಇದೆ. ಇಷ್ಟು ತಿಳಿಯಲು ಸಂಖ್ಯಾಶಾಸ್ತ್ರ ಬೇಕಾಗಿಲ್ಲ.

ರೋಗಿಯ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಪೇಪರ್ ಪಟ್ಟಿ ನೋಡಿ ಆಪರೇಷನ್‌ಗೆ ಡಾಕ್ಟರನ್ನು ಆರಿಸಬೇಡಿ. ಬರೆಯುವ ಕೈ, ಕತ್ತರಿ ಹಿಡಿಯುವ ಕೈ ಎರಡೂ ಒಬ್ಬರಲ್ಲೇ ಚೆನ್ನಾಗಿರಬಹುದು, ಇರದೆಯೂ ಇರಬಹುದು.

ನಿಮ್ಮದೇ ಹೆಸರಲ್ಲಿ ಪೇಪರ್ ಇದ್ದರೆ

ಮೊದಲ ಪೇಪರ್ ಕಳಿಸುವ ಮೊದಲೇ ಹೆಸರಿನ ಒಂದು ಸ್ಪೆಲ್ಲಿಂಗ್ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಅದನ್ನು ಬಿಡಬೇಡಿ. ಆರ್ಕಿಡ್ ಮಾಡಿಸಲು ಚಹಾ ಕುಡಿಯುವಷ್ಟು ಹೊತ್ತು ಸಾಕು. ಕಾಲೇಜಿನ ಮೇಲ್ ಜೊತೆ ಸ್ವಂತ ಮೇಲ್ ಕೂಡ ಕೊಡಿ, ಇಲ್ಲದಿದ್ದರೆ ವರ್ಗಾವಣೆ ಆದ ಮೇಲೆ ಒಳಗೆ ಹೋಗಲು ಪರದಾಡುತ್ತೀರಿ. ಗೂಗಲ್ ಸ್ಕಾಲರ್‌ನಲ್ಲಿ ‘ತಾನಾಗಿ ಸೇರಿಸು’ ಅನ್ನುವುದನ್ನು ತೆಗೆದು ‘ನನ್ನನ್ನು ಕೇಳಿ ಸೇರಿಸು’ ಅನ್ನುವುದನ್ನು ಆರಿಸಿ. ಸ್ಕೋಪಸ್‌ನಲ್ಲಿ ನಿಮ್ಮ ಹೆಸರಲ್ಲಿ ಎರಡು ಪುಟ ಇದ್ದರೆ ಒಂದು ಮಾಡಿ ಅಂತ ಅಲ್ಲೇ ಅರ್ಜಿ ಹಾಕಬಹುದು, ದುಡ್ಡು ಕೇಳುವುದಿಲ್ಲ. ವಿಳಾಸದ ಸಾಲಿನಲ್ಲಿ ಕಾಲೇಜಿನ ಪೂರ್ತಿ ಹೆಸರು, ಆಮೇಲೆ ಊರು, ಆಮೇಲೆ ಕರ್ನಾಟಕ. ಊರು ಕಲಬುರಗಿಯಾದರೆ ನಡುವಿನ ‘ಎ’ ಮರೆಯಬೇಡಿ.